ಆಶ್ರಯವಿತ್ತ ಅರಣ್ಯ
ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡ ಸೀಮೆಯ ಒಂದು ಪರಿಚಯ

ಉತ್ತರ ಕನ್ನಡ ಜಿಲ್ಲೆ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಕಾರವಾರದ ಕಡಲು, ಗೋಕರ್ಣದ ಮಹಾಬಲೇಶ್ವರ, ಶಿರಸಿಯ ಅಡಕೆ ತೋಟ. ಜಿಲ್ಲೆಯ ಉತ್ತರಕ್ಕೂ ಈಶಾನ್ಯಕ್ಕೂ, ಘಟ್ಟದ ಮೇಲೆ, ಬೆಳಗಾವಿ ಧಾರವಾಡಗಳ ಬಯಲಿಗೂ ಗೋವೆಯ ಗಡಿಗೂ ನಡುವೆ ಹರಡಿರುವ ನಾಲ್ಕು ತಾಲೂಕುಗಳು ಬಹುಮಟ್ಟಿಗೆ ನೆನಪಿಗೆ ಬರುವುದಿಲ್ಲ. ದಾಂಡೇಲಿಗೆ ಈಚಿನ ವರ್ಷಗಳಲ್ಲಿ ಪ್ರವಾಸಿಗಳು ಗುಂಪುಗುಂಪಾಗಿ ಬರುತ್ತಿರುವುದು ನಿಜ. ಆದರೆ ಅವರಲ್ಲಿ ಹೆಚ್ಚಿನವರು ಕಾಳಿಯ ಸುಳಿನೀರಿನಲ್ಲಿ ರಬ್ಬರ್ ದೋಣಿಯೇರಿ, ಒಂದು ರಾತ್ರಿ ತಂಗಿ, ಮರುದಿನ ಹಿಂದಿರುಗುವವರು. ದೋಣಿ ಸಾಗಿದ ನೀರಿಗೆ ಒಂದು ಕಥೆ ಇದೆ, ದಡದ ಕಾಡಿಗೆ ಇನ್ನೊಂದು ಕಥೆ ಇದೆ ಎಂಬುದನ್ನು ತಿಳಿಯಲು ಅವರಿಗೆ ಬಿಡುವಿರುವುದಿಲ್ಲ.

ಆ ಕಥೆಗಳನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಬಹುದು. ಕಷ್ಟಕ್ಕೆ ಸಿಲುಕಿ ತಮ್ಮ ನೆಲೆಯನ್ನು ಬಿಟ್ಟವರಿಗೆ ಶತಮಾನಗಳ ಉದ್ದಕ್ಕೂ ಆಶ್ರಯ ನೀಡಿದ ಸೀಮೆ ಇದು. ಕಲ್ಯಾಣದ ಶರಣರು, ಆಫ್ರಿಕದಿಂದ ತಂದು ಮಾರಲ್ಪಟ್ಟ ಸಿದ್ದಿಗಳು, ಲ್ಹಾಸಾದ ಭಿಕ್ಷುಗಳು, ಒಬ್ಬರಿಗೊಬ್ಬರು ಯಾವ ಸಂಬಂಧವೂ ಇಲ್ಲದ ಇವರೆಲ್ಲರೂ ಕೊನೆಗೆ ಬಂದು ಸೇರಿದ್ದು ಈ ಕಾಡಿನ ನೆರಳಿಗೆ. ಹೊರಗಿನವರಿಗೆ ಹೀಗೆ ಮನೆಯಾದ ಈ ನಾಡಿನಲ್ಲಿಯೇ ನೂರಾರು ಒಳಗಿನವರು ಮನೆಯನ್ನು ಕಳೆದುಕೊಳ್ಳಬೇಕಾಯಿತೆಂಬುದು ಕಥೆಯ ಇನ್ನೊಂದು ಮುಖ.

ಹಳಿಯಾಳದ ಹೆಬ್ಬಾಗಿಲು

ಧಾರವಾಡದಿಂದ ಪಶ್ಚಿಮಕ್ಕೆ ಹೊರಟ ಬಸ್ಸು ಮೊದಲು ಜೋಳ ಹತ್ತಿಗಳ ಕರಿಮಣ್ಣನ್ನು ದಾಟುತ್ತದೆ. ಅನಂತರ ಭತ್ತದ ಗದ್ದೆ, ಕಬ್ಬು, ಮಾವು. ಆಮೇಲೆ ಎರಡೂ ಬದಿಗೆ ತೇಗದ ಮರಗಳು ಕಾಣತೊಡಗುತ್ತವೆ. ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಈ ಅಂಚಿನಲ್ಲಿ ಹಳಿಯಾಳವಿದೆ. ಮಳೆಯ ಲೆಕ್ಕವನ್ನು ನೋಡಿದರೆ ಸೀಮೆಯ ವೈವಿಧ್ಯ ತಿಳಿಯುತ್ತದೆ. ಜೊಯಿಡಾ ತಾಲೂಕಿನ ಗೋವಾ ಗಡಿಯಲ್ಲಿರುವ ಕ್ಯಾಸಲ್‌ರಾಕ್‌ನಲ್ಲಿ ವರ್ಷಕ್ಕೆ 5000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಹಳಿಯಾಳದಲ್ಲಿ ಬೀಳುವುದು ಅದರ ಕಾಲು ಭಾಗದಷ್ಟು ಮಾತ್ರ. ಒಂದೇ ದಿನದ ಪ್ರಯಾಣದಲ್ಲಿ ಒಣಹುಲ್ಲಿನ ದಿಬ್ಬದಿಂದ ಹೊರಟು ನಿತ್ಯಹರಿದ್ವರ್ಣದ ಕತ್ತಲೆಯನ್ನು ಹೊಗಬಹುದು.

ಘಟ್ಟದ ಕೆಳಗಿನ ಬಂದರುಗಳಿಗೂ ಮೇಲಿನ ಬಯಲಿಗೂ ನಡುವಿನ ದಾರಿ ಇದಾದ್ದರಿಂದ ಅರಸರ ಕಣ್ಣು ಇದರ ಮೇಲೆ ಬಹುಕಾಲದಿಂದ ಇದ್ದಿತು. ಹಳಿಯಾಳದಲ್ಲಿ ಹಳೆಯ ಕೋಟೆಯೊಂದರ ಅವಶೇಷಗಳಿವೆ. ಇನ್ನೂ ಹಿಂದಿನ ಕಾಲವನ್ನು ಕಾಣಬಯಸುವವರು ತಾಲೂಕಿನ ಗಡಿ ದಾಟಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಹಲಸಿಗೆ ಹೋಗಬೇಕು. ಇಂದು ಸಾಮಾನ್ಯ ಹಳ್ಳಿಯಂತೆ ಕಾಣುವ ಹಲಸಿಯೇ ಬನವಾಸಿಯ ಕದಂಬರ ಎರಡನೆಯ ರಾಜಧಾನಿಯಾಗಿದ್ದ ಪಲಾಶಿಕೆ. ಅಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ದೊರೆತ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ ಓದಿ ಪ್ರಕಟಿಸಿದರು. ಕಾಕುಸ್ಥವರ್ಮನು ಇನ್ನೂ ಯುವರಾಜನಾಗಿದ್ದಾಗ, ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಭೂಮಿಯನ್ನು ದಾನವಾಗಿತ್ತ ಸಂಗತಿ ಒಂದು ಪಟದಲ್ಲಿದೆ. ಇನ್ನೊಂದರಲ್ಲಿ ಮೃಗೇಶವರ್ಮನು ತನ್ನ ತಂದೆಯ ನೆನಪಿಗಾಗಿ ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿದನೆಂದು ಬರೆದಿದೆ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ, ಉಪಕಾರ ಮಾಡಿದವನನ್ನು ಮರೆಯದ ರಾಜಕುಮಾರ ಮತ್ತು ತಂದೆಯನ್ನು ಮರೆಯದ ಮಗ ಇಬ್ಬರನ್ನೂ ನಾಲ್ಕಾರು ತಗಡಿನ ತುಂಡುಗಳು ನಮಗೆ ಉಳಿಸಿಕೊಟ್ಟಿವೆ. ಮುಂದೆ ಇದೇ ಹಲಸಿ ಗೋವೆಯ ಕದಂಬರಿಗೂ ರಾಜಧಾನಿಯಾಯಿತು. ಅವರ ಕಾಲಕ್ಕೆ ಸೇರಿದ ಭೂವರಾಹ ನರಸಿಂಹ ದೇವಾಲಯ ಇಂದಿಗೂ ಪೂಜೆ ಪಡೆಯುತ್ತ ನಿಂತಿದೆ.

ಡಮಾಮಿಯ ಸದ್ದು

ಹಳಿಯಾಳದ ಸಂತೆಯಲ್ಲಿ ಗುಂಗುರು ಕೂದಲಿನ, ಎತ್ತರದ ಮೈಕಟ್ಟಿನ ಹೆಂಗಸರು ಅಚ್ಚ ಉತ್ತರ ಕರ್ನಾಟಕದ ಕನ್ನಡದಲ್ಲಿ ಚೌಕಾಸಿ ಮಾಡುವುದನ್ನು ಕಂಡ ಹೊಸಬರು ಬೆರಗಾಗುತ್ತಾರೆ. ಇವರೇ ಸಿದ್ದಿಗಳು. ಹದಿನಾರನೆಯ ಶತಮಾನದಿಂದ ಮುಂದಕ್ಕೆ ಪೋರ್ತುಗೀಸರು ಆಫ್ರಿಕದ ಪೂರ್ವತೀರದಿಂದ ಗುಲಾಮರನ್ನು ಹಡಗಿನಲ್ಲಿ ತುಂಬಿ ಗೋವೆಗೆ ತರುತ್ತಿದ್ದರು. ಅವರಲ್ಲಿ ಒಡೆಯರ ಕೈಯಿಂದ ತಪ್ಪಿಸಿಕೊಂಡವರು ಘಟ್ಟವನ್ನೇರಿ ಈ ಕಾಡುಗಳನ್ನು ಸೇರಿದರು. ಹುಡುಕಿಕೊಂಡು ಬರುವವರಿಗೆ ದುರ್ಗಮವಾದ ಕಾಡೇ ಅವರಿಗೆ ಕೋಟೆಯಾಯಿತು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೊಯಿಡಾ, ಅಂಕೋಲಾ ತಾಲೂಕುಗಳಲ್ಲಿ ಅವರ ಊರುಕೇರಿಗಳು ಹಬ್ಬಿವೆ.

ಸಿದ್ದಿಗಳಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಮೂರು ಧರ್ಮದವರೂ ಉಂಟು. ಮನೆಯಲ್ಲಿ ಕೊಂಕಣಿಯ ಒಂದು ಬಗೆಯನ್ನು ಆಡುವವರು ಹೊರಗೆ ಕನ್ನಡ, ಮರಾಠಿಗಳನ್ನು ಸಲೀಸಾಗಿ ಮಾತನಾಡುತ್ತಾರೆ. ಮತ ಬೇರೆಯಾದರೂ ಡಮಾಮಿ ಎಂಬ ಚರ್ಮವಾದ್ಯ ಮೊಳಗಿದೊಡನೆ ಎಲ್ಲರ ಹೆಜ್ಜೆಯೂ ಒಂದಾಗುತ್ತದೆ. ಹಳೆಯ ಬಟ್ಟೆಯ ತುಂಡುಗಳನ್ನು ಬಣ್ಣಕ್ಕೆ ಬಣ್ಣ ಹೊಂದಿಸಿ ಅವರ ಹೆಂಗಸರು ಹೊಲಿಯುವ ಕೌದಿ ಈಗ ದೂರದ ಪಟ್ಟಣಗಳ ಪ್ರದರ್ಶನಗಳಿಗೂ ಹೋಗುತ್ತಿದೆ. ಅಜ್ಜಿಯ ಸೀರೆ, ಮೊಮ್ಮಗನ ಅಂಗಿ ಎರಡೂ ಪಕ್ಕಪಕ್ಕದಲ್ಲಿ ಕುಳಿತ ಆ ಕೌದಿಗಿಂತ ಮಿಗಿಲಾದ ಮನೆತನದ ದಾಖಲೆ ಇನ್ನೊಂದಿರಲಾರದು.

ಆಶ್ರಯ ದೊರೆತರೂ ಗೌರವ ದೊರೆಯಲು ಬಹುಕಾಲ ಹಿಡಿಯಿತು. ಅವರು ಬಹುತೇಕ ಕೂಲಿಕಾರರಾಗಿ, ಜಮೀನ್ದಾರರ ತೋಟಗಳಲ್ಲಿ ಆಳುಗಳಾಗಿ ತಲೆಮಾರುಗಳನ್ನು ಕಳೆದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. 2020ರಲ್ಲಿ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ತಮ್ಮ ಜನಾಂಗದಿಂದ ರಾಜ್ಯದ ಶಾಸನಸಭೆಯ ಮೆಟ್ಟಿಲೇರಿದವರಲ್ಲಿ ಅವರೇ ಮೊದಲಿಗರು.

ಕಾಗದದ ಊರು, ಹಕ್ಕಿಯ ಊರು

ಹಳಿಯಾಳದಿಂದ ದಾಂಡೇಲಿಗೆ ಇಪ್ಪತ್ತು ಕಿಲೋಮೀಟರಿಗೆ ತುಸು ಹೆಚ್ಚು. ಕಾಳಿಯ ದಡದ ದಂಡೇಲಪ್ಪನೆಂಬ ದೈವದಿಂದ ಊರಿಗೆ ಈ ಹೆಸರು ಬಂದಿತೆಂದು ಸ್ಥಳೀಯರ ನಂಬಿಕೆ. ಹೊಳೆಯ ಬಂಡೆಗಳ ಮೇಲೆ ಮೊಸಳೆಗಳು ಬಾಯ್ದೆರೆದು ಬಿಸಿಲು ಕಾಯಿಸುವ ನೋಟ ಇಲ್ಲಿ ಅಪರೂಪವಲ್ಲ. ಆದ್ದರಿಂದ ಕಂಡಕಂಡಲ್ಲಿ ನೀರಿಗಿಳಿಯುವ ಸಾಹಸ ಸಲ್ಲದು.

ತೇಗದ ನಾಟಾ ಸಾಗಿಸುವವರ ನೆಲೆಯಾಗಿದ್ದ ಈ ಹಳ್ಳಿಯನ್ನು ಪಟ್ಟಣವಾಗಿಸಿದ್ದು 1955ರಲ್ಲಿ ಸ್ಥಾಪನೆಗೊಂಡ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ. ಮರುವರ್ಷವೇ, ಎಂದರೆ 1956ರಲ್ಲಿ, ಸುತ್ತಲಿನ ಕಾಡನ್ನು ವನ್ಯಮೃಗಧಾಮವೆಂದು ಘೋಷಿಸಲಾಯಿತು. ಕಾಡನ್ನು ಬಳಸುವ ಉದ್ಯಮ, ಕಾಡನ್ನು ಉಳಿಸುವ ಶಾಸನ ಎರಡೂ ಒಂದೇ ಊರಿನಲ್ಲಿ ಅಕ್ಕತಂಗಿಯರಂತೆ ಹುಟ್ಟಿ ಬೆಳೆದವು. ಅಕ್ಕತಂಗಿಯರಲ್ಲಿ ಜಗಳವೂ ಉಂಟಲ್ಲವೆ?

ಜಗಳ ಬಂದದ್ದು ಬಿದಿರಿನ ಕಾರಣಕ್ಕೆ. ಕಾಗದಕ್ಕೆ ಬಿದಿರು ಬೇಕು. ಬುಟ್ಟಿ, ಮೊರ, ತಟ್ಟಿ ಹೆಣೆಯುವ ಮೇದಾರರಿಗೂ ಬಿದಿರೇ ಬೇಕು. ಕಾರ್ಖಾನೆಗೆ ಸರಕಾರ ಗೊತ್ತುಪಡಿಸಿದ್ದ ದರ ಟನ್ನಿಗೆ ಒಂದೂವರೆ ರೂಪಾಯಿ. ಪೇಟೆಯಲ್ಲಿ ಕೊಳ್ಳುವ ಬುಟ್ಟಿಗಾರರು ತೆರುತ್ತಿದ್ದುದು ಅದಕ್ಕೆ ಹೋಲಿಕೆಯೇ ಇಲ್ಲದಷ್ಟು. ಬಿದಿರು ಕ್ಷೀಣಿಸುತ್ತಿದೆಯೆಂಬ ಕೂಗೆದ್ದಾಗ, 1970ರ ದಶಕದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಈ ಕಾಡುಗಳಲ್ಲಿ ತಿರುಗಿ ಅಧ್ಯಯನ ನಡೆಸಿದರು. ಬಿದಿರ ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆಯೊಂದಿರುತ್ತದೆ. ಅದನ್ನು ಸವರಿ ಸ್ವಚ್ಛಗೊಳಿಸಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆಂದು ಅರಣ್ಯಶಾಸ್ತ್ರದ ನಿಯಮ ಹೇಳುತ್ತಿತ್ತು. ಹಳ್ಳಿಗರು ಹೇಳುತ್ತಿದ್ದುದು ಬೇರೆ: ಆ ಮುಳ್ಳೇ ಎಳೆಯ ಕಳಲೆಗೆ ಬೇಲಿ, ಅದನ್ನು ತೆಗೆದರೆ ದನ, ಕೋತಿ, ಮುಳ್ಳುಹಂದಿಗಳು ಕಳಲೆಯನ್ನು ಚಿಗುರಿನಲ್ಲೇ ತಿಂದು ಮುಗಿಸುತ್ತವೆ. ಅಳೆದು ಎಣಿಸಿ ನೋಡಿದಾಗ ಹಳ್ಳಿಗರ ಮಾತೇ ಸತ್ಯವೆಂದು ಕಂಡುಬಂದಿತು. ಕಾಡಿನ ವಿಷಯದಲ್ಲಿ ಕಾಡಿನವರ ಮಾತಿಗೂ ತೂಕವಿದೆಯೆಂಬ ಪಾಠವನ್ನು ನಾಡಿಗೆ ಕಲಿಸಿದ ಅಧ್ಯಯನಗಳಲ್ಲಿ ಇದೂ ಒಂದು.

ದಾಂಡೇಲಿಗೆ ಈಗ ಇನ್ನೊಂದು ಕೀರ್ತಿ ಮಂಗಟ್ಟೆ ಹಕ್ಕಿಯಿಂದ ಬಂದಿದೆ. ದೊಡ್ಡ ಕೊಕ್ಕಿನ ಈ ಹಕ್ಕಿಯ ನಾಲ್ಕು ಬಗೆಗಳು ಇಲ್ಲಿವೆ. ಬೆಳಗಾಗುತ್ತಿದ್ದಂತೆ ಆಲ, ಅತ್ತಿ, ಕಾಸರಕದ ಹಣ್ಣುಗಳನ್ನು ಅರಸುತ್ತ ಅವು ಹಾರಿಬಂದರೆ, ರೆಕ್ಕೆಯ ಸದ್ದು ಮರದ ಕೆಳಗೆ ನಿಂತವರಿಗೆ ತಿದಿಯೊತ್ತಿದಂತೆ ಕೇಳಿಸುತ್ತದೆ. ಇವುಗಳ ಸಂಸಾರ ವಿಚಿತ್ರ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಹಳೆಯ ಮರದ ಪೊಟರೆಯನ್ನು ಹೊಕ್ಕು, ಬಾಗಿಲನ್ನು ಒಂದು ಸೀಳು ಮಾತ್ರ ಬಿಟ್ಟು ಮುಚ್ಚಿಕೊಳ್ಳುತ್ತದೆ. ವಾರಗಟ್ಟಲೆ ಗಂಡು ಹಣ್ಣುಗಳನ್ನು ತಂದು ಆ ಸೀಳಿನಿಂದಲೇ ಉಣಿಸಬೇಕು. ದಾರಿಯಲ್ಲಿ ಗಂಡಿಗೆ ಅಪಾಯವಾದರೆ ಒಳಗಿನ ತಾಯಿಮರಿಗಳ ಪ್ರಾಣಕ್ಕೂ ಸಂಚಕಾರ. ಪೊಟರೆಯಿರುವ ಮುದಿ ಮರವನ್ನು ಕಡಿದರೆ ಒಂದು ವಂಶಕ್ಕೇ ಮನೆಯಿಲ್ಲ. ಅದನ್ನು ಅರಿತು 2011ರಲ್ಲಿ ಸರಕಾರ ಇಲ್ಲಿ ಮಂಗಟ್ಟೆಗಳಿಗಾಗಿಯೇ ಒಂದು ಸಂರಕ್ಷಿತ ಪ್ರದೇಶವನ್ನು ಘೋಷಿಸಿತು.

ಕಲ್ಲು ಮತ್ತು ಗವಿ

ದಾಂಡೇಲಿಯಿಂದ ಕಾಡಿನೊಳಗೆ ಸುಮಾರು ಮೂವತ್ತು ಕಿಲೋಮೀಟರು ಹೋದರೆ ಸಿಂಥೇರಿ ಬಂಡೆ. ಮೆಟ್ಟಿಲಿಳಿದು ಕಾನೇರಿ ಹೊಳೆಯ ಮಟ್ಟಕ್ಕೆ ಬಂದವನ ಎದುರಿಗೆ ಸುಮಾರು 300 ಅಡಿ ಎತ್ತರದ ಏಕಶಿಲೆ ಗೋಡೆಯಂತೆ ಎದ್ದು ನಿಲ್ಲುತ್ತದೆ. ಬಂಡೆಯ ಸಂದಿಗಳಲ್ಲಿ ಪಾರಿವಾಳಗಳು, ಮೇಲೆ ಹೆಜ್ಜೇನಿನ ತಟ್ಟಿಗಳು, ಕೆಳಗೆ ಮೊರೆಯುವ ನೀರು. ಅಲ್ಲಿ ಗಲಾಟೆ ಮಾಡಿದರೆ ಜೇನು ಸುಮ್ಮನಿರದು. ಈಜಲಿಳಿದರೆ ಸುಳಿ ಬಿಡದು.

ಕವಳಾ ಗವಿಯದು ಬೇರೊಂದು ಸೊಬಗು. ಅಲ್ಲಿನ ಸುಣ್ಣಕಲ್ಲನ್ನು ಮಳೆನೀರು ಸಾವಿರಾರು ವರ್ಷ ಕರಗಿಸಿ ಬೆಟ್ಟದೊಳಗೆ ಕೋಣೆಗಳನ್ನು ಕೊರೆದಿದೆ. ಮಾಳಿಗೆಯಿಂದ ತೊಟ್ಟಿಕ್ಕುವ ಒಂದೊಂದು ಹನಿಯೂ ತನ್ನಲ್ಲಿರುವ ಸುಣ್ಣವನ್ನು ನೆಲದ ಮೇಲೆ ಬಿಟ್ಟು ಹೋಗುತ್ತದೆ. ಹನಿಗೆ ಹನಿ ಕೂಡಿ ಬೆಳೆದ ಶಿಲೆಯೊಂದು ಲಿಂಗದ ಆಕಾರ ತಳೆದಿದೆ. ಶಿವರಾತ್ರಿಯಂದು ಸುತ್ತಲಿನ ಹಳ್ಳಿಗಳ ಭಕ್ತರು ಬಂದು ಅದಕ್ಕೆ ಪೂಜೆ ಸಲ್ಲಿಸುತ್ತಾರೆ. ಹುಲಿಗಳ ನೆಲೆಯೊಳಗೆ ಈ ಗವಿಯಿರುವುದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗುವಂತಿಲ್ಲ.

ಉಳವಿಯ ಬಂಡಿಗಳು

ಜೊಯಿಡಾ ತಾಲೂಕಿನ ಕಾಡಿನ ಮಡಿಲಲ್ಲಿ ಉಳವಿ ಇದೆ. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಕಲ್ಯಾಣದಲ್ಲಿ ಕ್ಷೋಭೆಯೆದ್ದು ಶರಣರು ದಿಕ್ಕುದಿಕ್ಕಿಗೆ ಚದುರಿದಾಗ, ಬಸವಣ್ಣನವರ ಸೋದರಳಿಯ ಚನ್ನಬಸವಣ್ಣನವರು ಪರಿವಾರದೊಡನೆ ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು ಇಲ್ಲಿಗೆ ಬಂದರೆಂದು ಪರಂಪರೆ ಹೇಳುತ್ತದೆ. ಚನ್ನಬಸವಣ್ಣನವರ ಸಮಾಧಿ ಇಲ್ಲಿದೆ. ಸುತ್ತಲಿನ ಗವಿಗಳಿಗೂ ಚಿಲುಮೆಗಳಿಗೂ ಶರಣರ ಹೆಸರುಗಳೇ ಉಳಿದುಬಂದಿವೆ. ಬೆನ್ನಟ್ಟುವ ದಂಡಿನಿಂದ ಒಂದು ಸಾಹಿತ್ಯವನ್ನು ಮರೆಮಾಡಲು ಈ ಮಲೆಗಳಿಗಿಂತ ಸುರಕ್ಷಿತವಾದ ಭಂಡಾರ ಎಲ್ಲಿ ಸಿಗುತ್ತಿತ್ತು?

ಮಾಘಮಾಸದ ಭಾರತ ಹುಣ್ಣಿಮೆಯ ಸುಮಾರಿಗೆ ಇಲ್ಲಿ ಜಾತ್ರೆ. ಧಾರವಾಡ, ಬೆಳಗಾವಿ ಸೀಮೆಯ ರೈತರು ಎತ್ತುಗಳಿಗೆ ಝೂಲು, ಗೆಜ್ಜೆ ಕಟ್ಟಿ, ಬಂಡಿಯಲ್ಲಿ ರೊಟ್ಟಿಬುತ್ತಿ ತುಂಬಿಕೊಂಡು ದಿನಗಟ್ಟಲೆ ಪಯಣಿಸಿ ಬರುತ್ತಾರೆ. ಮೋಟಾರುಗಳು ಬಂದು ಎಷ್ಟೋ ಕಾಲವಾದರೂ ಬಂಡಿಯ ಹರಕೆಯನ್ನು ಬಿಡದ ಮನೆತನಗಳು ಇಂದಿಗೂ ಇವೆ. ರಾತ್ರಿಯ ಕಾಡುದಾರಿಯಲ್ಲಿ ಸಾಲು ಬಂಡಿಗಳ ಗೆಜ್ಜೆಯ ನಾದವನ್ನು ಒಮ್ಮೆ ಕೇಳಿದವರು ಮರೆಯಲಾರರು.

ನೀರಿನಡಿಯ ಊರು

ಕಾಳಿ ಹುಟ್ಟುವುದು ಜೊಯಿಡಾ ತಾಲೂಕಿನಲ್ಲಿಯೇ, ದಿಗ್ಗಿಯ ಬಳಿ. ಸುಮಾರು 184 ಕಿಲೋಮೀಟರು ಹರಿದು ಕಾರವಾರದಲ್ಲಿ ಕಡಲನ್ನು ಸೇರುತ್ತದೆ. ಅಷ್ಟು ಕಿರಿದಾದ ಹಾದಿಯಲ್ಲಿ ಅದರ ಮೇಲೆ ಹೊರಿಸಿದ ಹೊರೆ ಮಾತ್ರ ಹಿರಿದು. ಗಣೇಶಗುಡಿಯಲ್ಲಿ 101 ಮೀಟರು ಎತ್ತರದ ಸೂಪಾ ಅಣೆಕಟ್ಟು 1980ರ ದಶಕದಲ್ಲಿ ಪೂರ್ಣಗೊಂಡಿತು. ಅಲ್ಲಿ ನಿಂತ ನೀರನ್ನು ನಂಬಿ ಕೆಳಗಿನ ನಾಗಝರಿಯ ವಿದ್ಯುದಾಗಾರ ಸುಮಾರು 900 ಮೆಗಾವ್ಯಾಟ್ ಸಾಮರ್ಥ್ಯದಿಂದ ಕೆಲಸಮಾಡುತ್ತದೆ. ಅದರ ಕೆಳಗೆ ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು. ಅವುಗಳ ನೆರೆಯಲ್ಲಿ ಕೈಗಾ ಅಣುವಿದ್ಯುತ್ ಕೇಂದ್ರ. ಬೆಂಗಳೂರು, ಹುಬ್ಬಳ್ಳಿಗಳ ಮನೆಗಳಲ್ಲಿ ಸಂಜೆ ದೀಪ ಹೊತ್ತುವಾಗ ಅದರಲ್ಲಿ ಕಾಳಿಯ ಪಾಲೂ ಉಂಟು.

ಆ ಬೆಳಕಿಗೆ ತೆತ್ತ ಬೆಲೆ ಸೂಪಾ. ಕಾಳಿಯೂ ಪಾಂಢರಿಯೂ ಕೂಡುವೆಡೆಯಲ್ಲಿದ್ದ ಆ ಊರೇ ತಾಲೂಕಿನ ಮುಖ್ಯಸ್ಥಳವಾಗಿದ್ದಿತು. ತಾಲೂಕಿಗೂ ಸೂಪಾ ಎಂದೇ ಹೆಸರು. ಜಲಾಶಯ ತುಂಬಿದಾಗ ಊರು, ಸುತ್ತಲಿನ ಹಳ್ಳಿಗಳು, ಗದ್ದೆಗಳು ನೀರಿನಡಿಗೆ ಹೋದವು. ಕಚೇರಿಗಳು ಜೊಯಿಡಾಕ್ಕೆ ಸಾಗಿದವು. ನಿರಾಶ್ರಿತರಲ್ಲಿ ಅನೇಕರಿಗೆ ರಾಮನಗರದಲ್ಲಿ ಹೊಸ ವಸತಿ ಏರ್ಪಟ್ಟಿತು. ಇಂದು ಪ್ರವಾಸಿಗಳ ದೋಣಿಗಳು ನಗುತ್ತ ಕೂಗುತ್ತ ಸಾಗುವ ನೀರು ಆ ಅಣೆಕಟ್ಟು ಬಿಟ್ಟುಕೊಟ್ಟ ನೀರು. ಮೇಲಿನ ನಿಶ್ಚಲವಾದ ಜಲಾಶಯವನ್ನು ನೋಡಿ ಎಷ್ಟು ಸುಂದರವೆಂದು ಹೊಸಬರು ಹೇಳುವಾಗ, ನೆರೆಯಲ್ಲಿ ನಿಂತ ಮುದುಕರ ಕಣ್ಣು ತಮ್ಮ ಮನೆ ಇದ್ದ ದಿಕ್ಕನ್ನು ಅರಸುತ್ತಿದ್ದರೆ ಆಶ್ಚರ್ಯವಿಲ್ಲ.

ತಾಲೂಕಿನ ವಿಸ್ತಾರ 1800 ಚದರ ಕಿಲೋಮೀಟರಿಗೂ ಮಿಗಿಲು. 2011ರ ಗಣತಿಯಲ್ಲಿ ಜನಸಂಖ್ಯೆ ಐವತ್ತು ಸಾವಿರದ ಆಸುಪಾಸು. ಇಲ್ಲಿನ ಕುಣಬಿಗಳು ಕಾಡಿನ ಅಂಚಿನಲ್ಲಿ ಬಗೆಬಗೆಯ ಗೆಡ್ಡೆಗೆಣಸುಗಳನ್ನು ಬೆಳೆಯುವುದರಲ್ಲಿ ನಿಪುಣರು. ಜೊಯಿಡಾದಲ್ಲಿ ನಡೆಯುವ ಗೆಡ್ಡೆಗೆಣಸು ಮೇಳಕ್ಕೆ ಆನೆಕಾಲಿನಷ್ಟು ದಪ್ಪದ ಗೆಡ್ಡೆಗಳೂ ಬರುತ್ತವೆ. ಮಳೆಗಾಲದ ಹಸಿವಿನ ದಿನಗಳಲ್ಲಿ ಹಿರಿಯರನ್ನು ಬದುಕಿಸಿದ ಬೆಳೆ ಇದು.

ಅವರ ಮುಂದೆ ಈಗ ಹೊಸ ಪ್ರಶ್ನೆಯೊಂದು ನಿಂತಿದೆ. ದಾಂಡೇಲಿಯ ಧಾಮವೂ ಅಣಶಿಯ ರಾಷ್ಟ್ರೀಯ ಉದ್ಯಾನವೂ ಕೂಡಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿಯ ಹೆಸರೇ ಬಂದಿತು. ಒಳಗಿನ ಹಳ್ಳಿಗಳವರು ಸ್ವಇಚ್ಛೆಯಿಂದ ಹೊರಬಂದರೆ ಪರಿಹಾರಧನ ಉಂಟು. ಉಳಿದರೆ ರಸ್ತೆ, ಆಸ್ಪತ್ರೆ, ಶಾಲೆಗಳು ದೂರ. ಕೆಲವರು ಮಕ್ಕಳ ಭವಿಷ್ಯವನ್ನು ನೆನೆದು ಹೊರಬಂದಿದ್ದಾರೆ. ಕೆಲವರು ಹಿರಿಯರ ಮಣ್ಣನ್ನು ಬಿಡಲೊಲ್ಲರು. ಹುಲಿಗೆ ನಿರ್ಭಯವಾದ ಕಾಡು ಬೇಕೆಂಬುದೂ ನಿಜ, ಸೂಪಾವನ್ನು ಕಂಡವರಿಗೆ ಸ್ಥಳಾಂತರವೆಂಬ ಮಾತು ಕೇಳಿದರೆ ಎದೆ ನಡುಗುವುದೂ ನಿಜ.

ಮುಂಡಗೋಡಿನ ಭಿಕ್ಷುಗಳು

ಪೂರ್ವಕ್ಕೆ ತಿರುಗಿ ಮುಂಡಗೋಡಕ್ಕೆ ಬಂದರೆ ಕಾಡು ತೆಳುವಾಗಿ ಭತ್ತ, ಗೋವಿನಜೋಳದ ಹೊಲಗಳು ಹರಡಿಕೊಳ್ಳುತ್ತವೆ. ಆ ಹೊಲಗಳ ನಡುವೆ ಒಮ್ಮೆಲೆ ಬಂಗಾರದ ಬಣ್ಣದ ಛಾವಣಿಗಳು, ಗಾಳಿಗೆ ಪಟಪಟಿಸುವ ಮಂತ್ರದ ಬಾವುಟಗಳು, ಕೆಂಪು ಕಾವಿಯ ಬಾಲಭಿಕ್ಷುಗಳು! 1959ರಲ್ಲಿ ದಲಾಯಿ ಲಾಮಾ ಅವರು ಟಿಬೆಟ್ಟನ್ನು ತೊರೆದು ಭಾರತಕ್ಕೆ ಬಂದಾಗ ಸಾವಿರಾರು ಜನ ಅವರ ಹಿಂದೆ ಹಿಮಾಲಯವನ್ನು ದಾಟಿದರು. ಅಂದಿನ ಮೈಸೂರು ರಾಜ್ಯ ಅವರಿಗೆ ಮೊದಲು ಬೈಲಕುಪ್ಪೆಯಲ್ಲಿ, ಅನಂತರ 1966ರಲ್ಲಿ ಮುಂಡಗೋಡದಲ್ಲಿ ಭೂಮಿಯನ್ನಿತ್ತಿತು. ಹಿಮದ ನಾಡಿನವರು ಇಲ್ಲಿನ ಸೆಕೆಯನ್ನೂ ಜಡಿಮಳೆಯನ್ನೂ ಸಹಿಸಿ, ಕಾಡು ಸವರಿ, ಎಂದೂ ಬೆಳೆದರಿಯದ ಬೆಳೆಗಳನ್ನು ಬೆಳೆಯಲು ಕಲಿತರು.

ಲ್ಹಾಸಾದ ಬಳಿ 1409ರಲ್ಲಿ ಸ್ಥಾಪನೆಯಾದ ಗಾಂದೆನ್, 1416ರಲ್ಲಿ ಸ್ಥಾಪನೆಯಾದ ಡ್ರೆಪುಂಗ್ ಮಹಾವಿಹಾರಗಳ ಭಿಕ್ಷುಗಳು ಬಂಗಾಳದ ಬಕ್ಸಾ ಶಿಬಿರದಲ್ಲಿ ಕಷ್ಟದ ವರ್ಷಗಳನ್ನು ಕಳೆದು, 1970ರ ಆಸುಪಾಸಿನಲ್ಲಿ ಇಲ್ಲಿಗೆ ಬಂದು ತಮ್ಮ ವಿಹಾರಗಳನ್ನು ಪುನಃ ಕಟ್ಟಿಕೊಂಡರು. ಇಂದು ಅಲ್ಲಿನ ಅಂಗಳಗಳಲ್ಲಿ ಸಂಜೆ ಭಿಕ್ಷುಗಳು ತರ್ಕಶಾಸ್ತ್ರದ ವಾದ ನಡೆಸುವ ಪರಿ ನೋಡುವಂಥದ್ದು. ಕುಳಿತವನ ಮುಂದೆ ನಿಂತವನು ಪ್ರಶ್ನೆ ಹಾಕಿ, ಕಾಲು ಎತ್ತಿ ಇಟ್ಟು, ಚಪ್ಪಾಳೆ ತಟ್ಟಿ ಉತ್ತರ ಬೇಡುತ್ತಾನೆ. ಮುಂಡಗೋಡದ ಅಂಗಡಿಯಲ್ಲಿ ಇದೇ ಭಿಕ್ಷುಗಳು ತರಕಾರಿಯ ದರವನ್ನು ಕನ್ನಡದಲ್ಲಿ ಕೇಳುವುದೂ ಉಂಟು. ಹೊಸ ತಲೆಮಾರಿನ ಟಿಬೆಟನ್ನರು ಅನೇಕರು ಉದ್ಯೋಗಕ್ಕಾಗಿ ದೊಡ್ಡ ಪಟ್ಟಣಗಳಿಗೆ, ಪರದೇಶಗಳಿಗೆ ಹೋಗುತ್ತಿರುವುದರಿಂದ ಕೆಲವು ಮನೆಗಳಲ್ಲಿ ಈಗ ಮುದುಕರಷ್ಟೇ ಉಳಿದಿದ್ದಾರೆ. ಈ ಸಂಗತಿ ನಮ್ಮ ಹಳ್ಳಿಗಳಿಗೂ ಹೊಸದಲ್ಲ.

ಮುಂಡಗೋಡದ ಸಮೀಪದ ಅತ್ತಿವೇರಿ ಕೆರೆಗೆ ಬರುವ ಅತಿಥಿಗಳು ಮಾತ್ರ ತಪ್ಪದೆ ಮರಳುವವರು. ಸುಮಾರು ಎರಡು ಚದರ ಕಿಲೋಮೀಟರಿನ ಈ ಪಕ್ಷಿಧಾಮದಲ್ಲಿ, ನೀರಿನ ನಡುವೆ ನಿಂತ ಮರಗಳಲ್ಲಿ ಚಮಚದ ಕೊಕ್ಕಿನ ಹಕ್ಕಿ, ನೀರುಕಾಗೆ, ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ನವೆಂಬರಿನಿಂದ ಮಾರ್ಚಿಯವರೆಗೆ ನೋಡಲು ಒಳ್ಳೆಯ ಕಾಲ.

ಹೋಗುವವರಿಗೆ ಎರಡು ಮಾತು

ಹುಬ್ಬಳ್ಳಿ, ಧಾರವಾಡಗಳಿಂದ ಈ ನಾಲ್ಕೂ ತಾಲೂಕುಗಳಿಗೆ ಬಸ್ಸುಗಳಿವೆ. ದೀಪಾವಳಿಯ ಅನಂತರ ಶಿವರಾತ್ರಿಯವರೆಗೆ ಪ್ರವಾಸಕ್ಕೆ ತಕ್ಕ ಸಮಯ. ಮಳೆಗಾಲದಲ್ಲಿ ಸೊಬಗು ಹೆಚ್ಚಾದರೂ ಉಂಬಳ, ಜಾರು, ಕುಸಿದ ದಾರಿಗಳ ಕಾಟವುಂಟು. ಮಕ್ಕಳೊಡನೆ ಹೋಗುವವರು ಕಡಿಮೆಯೆಂದರೆ ನಾಲ್ಕು ದಿನ ಮೀಸಲಿಡಬೇಕು: ಹಳಿಯಾಳ ಹಲಸಿಗಳಿಗೆ ಒಂದು, ದಾಂಡೇಲಿಯ ಕಾಡಿಗೆ ಒಂದು, ಗಣೇಶಗುಡಿ ಉಳವಿಗಳಿಗೆ ಒಂದು, ಮುಂಡಗೋಡಕ್ಕೆ ಒಂದು. ಕಾಡಿನಲ್ಲಿ ಪ್ಲಾಸ್ಟಿಕ್ ಬಿಸಾಡದಿರುವುದು, ವಿಹಾರಗಳಲ್ಲಿ ಪ್ರಾರ್ಥನೆಯ ವೇಳೆ ಮೌನವಾಗಿರುವುದು, ಸಿದ್ದಿಗಳ ಕೇರಿಯಲ್ಲಿ ಕೇಳದೆ ಚಿತ್ರ ತೆಗೆಯದಿರುವುದು, ಇವು ಯಾವ ಫಲಕದಲ್ಲಿ ಬರೆದಿರದಿದ್ದರೂ ಮನೆಗೆ ಬಂದ ನೆಂಟರು ಪಾಲಿಸಬೇಕಾದ ಮರ್ಯಾದೆ.

ನಾಲ್ಕು ದಿನಗಳ ಕೊನೆಗೆ ಮಕ್ಕಳಿಗೆ ನೆನಪುಳಿಯುವುದು ಮೊಸಳೆ, ಮಂಗಟ್ಟೆಗಳಾಗಿರಬಹುದು. ಹಿರಿಯರು ಅವರಿಗೆ ಇನ್ನೊಂದನ್ನೂ ಹೇಳಿಕೊಡಲಿ. ಈ ಕಾಡು ಓಡಿಬಂದವರ ಜಾತಿ, ಮತ, ಬಣ್ಣಗಳನ್ನು ಕೇಳದೆ ಇಂಬು ಕೊಟ್ಟಿತು. ನಾಡಿಗೆ ಬೆಳಕು ಬೇಕಾದಾಗ ತನ್ನ ಮಡಿಲಿನ ಊರನ್ನೇ ಬಿಟ್ಟುಕೊಟ್ಟಿತು. ಅದರಿಂದ ಪಡೆದವರು ಅದಕ್ಕೆ, ಅದರ ಮಕ್ಕಳಿಗೆ ಏನನ್ನು ಹಿಂದಿರುಗಿಸುತ್ತಾರೆಂಬ ಲೆಕ್ಕ ಮಾತ್ರ ಇನ್ನೂ ಬಾಕಿಯಿದೆ.